ಶೂ ಸ್ಟ್ಯಾಂಡ್ ಮೇಲಿನ ಡಬ್ಬ

ಅಪ್ಪಾ,

ಡ್ಯೂಟಿಗೆ ಹೊರಟೆ. ಶೂ ಸ್ಟ್ಯಾಂಡ್ ಮೇಲೆ ನಾನು ಸರ್ವರ್ ಮಾಡ್ಕೊಂಡಿರೋ ಹಳೇ ಕಂಪ್ಯೂಟರಿನ ಸ್ವಿಚ್ ಇವತ್ತು ಮುಟ್ಟಲೇಬೇಡ. ಹೊರಗೆ ಹೋಗೋ ಮುಂಚೆ ಮನೆಯ ಎಲ್ಲಾ ಸ್ವಿಚ್ ಆರಿಸೋದು ನಿನ್ನ ಲೈನ್‌ಮನ್ ಕಾಲದ ಚಾಳಿ, ಗೊತ್ತು. ನಾನು ಅಂಟಿಸಿದ್ದ ಟೇಪನ್ನೂ ಕಿತ್ತು ಆರಿಸಿದ್ದೀಯಲ್ಲ, ಏನು ಹೇಳಲಿ ನಿನಗೆ!

ಹಾಗೆ ಆರಿಸಿ ಆರಿಸಿಯೇ ಒಳಗಿನ ಡಿಸ್ಕ್ ಕೆಟ್ಟಿದೆ. ಕಟಕಟ ಅಂತಿದೆ, ಕಿವಿಗೊಟ್ಟು ಕೇಳು. ಅದರಲ್ಲಿರೋದನ್ನೆಲ್ಲ ಇನ್ನೊಂದು ಸೆಕೆಂಡ್ ಹ್ಯಾಂಡ್ ಡಿಸ್ಕಿಗೆ ಕಾಪಿ ಆಗೋಕೆ ಹಾಕಿದ್ದೀನಿ, ಮುಗಿಯೋಕೆ ಸಂಜೆಯಾಗುತ್ತೆ. ಮಧ್ಯೆ ನಿಂತರೆ ಹಳೇ ಡಿಸ್ಕ್ ಮತ್ತೆ ಏಳಲ್ಲ. ಕರೆಂಟ್ ಹೋದರೆ ನಮ್ಮ ಹಣೆಬರಹ, ನೀನಾಗಿ ತೆಗೀಬೇಡ.

ಬಿಸಿಯಾಗದಿರಲಿ ಅಂತ ನಿನ್ನ ಟೇಬಲ್ ಫ್ಯಾನನ್ನ ಅದರ ಕಡೆ ತಿರುಗಿಸಿದ್ದೀನಿ. ನಿನಗೆ ಸೆಕೆಯಾದರೆ ಬಾಲ್ಕನೀಲಿ ಕೂತ್ಕೋ. ಇಸ್ತ್ರಿ ಪೆಟ್ಟಿಗೆ ಆ ಸ್ವಿಚ್ ಬೋರ್ಡಿಗೆ ಹಾಕಬೇಡ, ಫ್ಯೂಸ್ ಹೋದೀತು.

'ದಂಡಕ್ಕೆ ಕರೆಂಟ್ ತಿನ್ನೋ ಡಬ್ಬ' ಅಂತ ದಿನಾ ಬೈತೀಯ. ಹೇಳಿದರೆ ನೊಂದ್ಕೋತೀಯ ಅಂತ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಊಟ ಆದಮೇಲೆ ಮೊಬೈಲಲ್ಲಿ ಅಮ್ಮ ಇದ್ದಾಗ ಮಾತಾಡಿದ್ದನ್ನ ಹಾಕ್ಕೊಂಡು ಕೇಳ್ತೀಯಲ್ಲ, ಅದು ಮೊಬೈಲಲ್ಲಿ ಇಲ್ಲ ಅಪ್ಪಾ. ವೈಫೈಲಿ ಮೊಬೈಲಿಗೆ ಬರುತ್ತೆ ಅಷ್ಟೇ, ಇರೋದು ಆ ಡಬ್ಬದಲ್ಲಿ.

ಬೇರೆಲ್ಲೂ ಇಲ್ಲ.