ಇವತ್ತಿನ ಕಷಾಯ ನಾನು ಕುಡಿದೆ

ಲಾನ್‌ಯಿಂಗ್,

ಎದ್ದ ಕೂಡಲೇ ಗಾಬರಿಯಾಗಬೇಡ. ನಿನ್ನ ಫೋನು ಆಫ್ ಮಾಡಿದ್ದು ನಾನೇ. ಇವತ್ತು ನಿನ್ನ ಕಂಪನಿಯ ಔತಣಕ್ಕೆ ನೀನು ಹೋಗುತ್ತಿಲ್ಲ, ನಾನು ಹೋಗುತ್ತಿದ್ದೇನೆ. ಶೂ ಹಾಕಿಕೊಂಡು ನಿಂತೇ ಬರೆಯುತ್ತಿದ್ದೇನೆ, ಕೂತರೆ ಧೈರ್ಯ ಹೋಗುತ್ತದೆ.

ನಿನಗೆ ಹುಷಾರಿಲ್ಲ ಎಂದು ಮ್ಯಾನೇಜರ್ ಥಾನ್‌ಗೆ ಹೇಳಿದೆ. "ಆರ್ಡರ್ ಕೊಡೋರ ಮುಂದೆ ಲೋಟ ಎತ್ತೋರು ಬೇಕಲ್ರೀ, ಹೆಂಡತಿ ಬದಲು ನೀವು ಕುಡೀತೀರಾ?" ಅಂತ ನಕ್ಕ. ಹೂಂ ಅಂದೆ. ಅವನ ನಗು ನಿಂತಿತು.

ಮಣ್ಣಿನ ಕುಡಿಕೆಯಲ್ಲಿ ಅಮಲು ಇಳಿಸುವ ಆ ಗೆಹುವಾ ಹೂವಿನ ಕಷಾಯ ಹುಡುಕಬೇಡ. ಪ್ರತಿ ಔತಣಕ್ಕೂ ಮುಂಚೆ ಅದನ್ನು ಕುಡಿದು, ಲಿವರ್‌ಗೆ ಕಾವಲಿದೆ ಅಂತ ನೀನು ಇನ್ನೆರಡು ಲೋಟ ಹೆಚ್ಚೇ ಏರಿಸುತ್ತೀಯ. ನಿನ್ನೆ ವೈದ್ಯರು ನಾಡಿ ಹಿಡಿದು, "ಇನ್ಮೇಲೆ ಯಾವ ಹೂವೂ ನಿನ್ನ ಕಾಯಲ್ಲಮ್ಮ, ಕುಡಿಯೋದು ಬಿಡು" ಅಂದಾಗ ನೀನು ನಕ್ಕುಬಿಟ್ಟೆ. ನನಗೆ ನಗು ಬರಲಿಲ್ಲ.

ಇವತ್ತಿನ ಕಷಾಯ ನಾನೇ ಕುಡಿದೆ. ಥೂ, ಇದನ್ನು ಹೇಗೆ ಕುಡಿಯುತ್ತಿದ್ದೆ ಮಾರಾಯ್ತಿ!

ಗಂಜಿ ಬಿಸಿ ಮಾಡಿಕೊಂಡು ಕುಡಿ. ನನ್ನ ಹಿಂದೆ ಓಡಿ ಬರಬೇಡ. ಒಂದು ಗುಟುಕು ಸಾರಾಯಿಗೇ ನನ್ನ ಮುಖ ಕೆಂಪಾಗುತ್ತದೆ ಅಂತ ನನಗೂ ಗೊತ್ತು.

ಬಾಗಿಲಿಗೆ ಚಿಲಕ ಹಾಕಬೇಡ. ಔತಣದ ರಾತ್ರಿಗಳಲ್ಲಿ ವಾಂತಿಗೆ ಅಂತ ಮಂಚದ ಹತ್ತಿರ ನಿನ್ನ ಪಕ್ಕಕ್ಕೆ ಇಡುತ್ತಿದ್ದ ಬೋಗುಣಿಯನ್ನು ಇವತ್ತು ನನ್ನ ಪಕ್ಕಕ್ಕೆ ಇಡು.

ದೆಶೆಂಗ್