ಅಂಚೆಯಣ್ಣನ ಉಸಿರು

ಮಾರ್ಚ್ 3, ಸಂಜೆ

ಇವತ್ತೂ ಲಾಂಡ್ರಿಯಿಂದ ನೇರ ಆಸ್ಪತ್ರೆಗೆ. ದಿನವಿಡೀ ಹೋಟೆಲಿನ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕಿದ ಕೈ. ಪುಟ್ಟಿಗೆ ಕರುಣೆಯಿಲ್ಲ. ವಾರ್ಡಿಗೆ ನಾನು ಕಾಲಿಡುತ್ತಲೇ ಶುರು, "ದೊಡ್ಡಮ್ಮ, ಬೇಗ ಕೂತ್ಕೋ. ಅಂಚೆಯಣ್ಣ ಸೇತುವೆ ಮೇಲೆ ನಿಂತವನು ನಿಂತೇ ಇದಾನೆ."

ಅಂಚೆಯಣ್ಣ ಅವಳ ವಿಡಿಯೋ ಗೇಮಿನ ಮುದುಕ, ಬೆಟ್ಟದಾಚೆಯ ಮಗಳಿಗೆ ಕಾಗದ ಒಯ್ಯುತ್ತಿದ್ದಾನೆ. ಪುಟ್ಟಿಯ ಎಡಗೈ ಅವನನ್ನು ನಡೆಸುತ್ತದೆ. ಬಲಗೈಗೆ ಸ್ವಾಧೀನವಿಲ್ಲ, ಕುತ್ತಿಗೆಯ ಗಡ್ಡೆ ನರ ಒತ್ತಿದೆ. ಹಾಗಾಗಿ ಬಲಗಡೆಯ ಗುಂಡಿಗಳು ನನ್ನವು. ಹಾರಿಸುವುದು, ಬಾಗಿಲು ತಟ್ಟಿಸುವುದು. ಒಂದೇ ಪುಟ್ಟ ಆಟದ ಯಂತ್ರ, ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಹಿಡಿಯಬೇಕು.

ಇವತ್ತು ತಡವಾಗಿ ಒತ್ತಿದೆ. ಹೊಳೆಗೆ ಬಿದ್ದ.

"ಕೊಂದೇಬಿಟ್ಯಲ್ಲ!"

"ಓಡಿಸಿದ್ದು ನೀನು. ನನ್ನ ತಲೆಗೆ ಕಟ್ಬೇಡ."

ಮತ್ತೆ ಈಚೆ ದಡದಲ್ಲಿ ಎದ್ದು ನಿಂತ. ಬಟ್ಟೆಯೂ ಒದ್ದೆಯಿಲ್ಲ. ಎಷ್ಟು ಸಲ ಸತ್ತರೂ ಏಳುತ್ತಾನೆ. ಅದೇ ನನಗೆ ಹಿಡಿಸಿದ್ದು.

ಆಪರೇಷನ್ ಹದಿನಾಲ್ಕಕ್ಕೆ.

ಮಾರ್ಚ್ 5

ತಪ್ಪು ಮಾಡಿದೆನೋ ಏನೋ. ಬೆಳಿಗ್ಗೆ ದೇವರ ಮುಂದೆ ಕೂತಾಗ ಬಾಯಿಗೆ ಬಂದೇಬಿಟ್ಟಿತು. ಆ ಮುದುಕ ಬೆಟ್ಟ ದಾಟಿ, ಮಗಳಿಗೆ ಕಾಗದ ತಲುಪಿಸಿ ಬದುಕಿದರೆ ನನ್ನ ಪುಟ್ಟಿಯೂ ಬದುಕುತ್ತಾಳೆ ಎಂದು ತಿಳಿಯುತ್ತೇನೆ, ನೀನು ಹೇಳಬೇಕಾದ್ದನ್ನು ಅಲ್ಲೇ ಹೇಳು ತಂದೆ, ಎಂದೆ.

ನಾಲ್ಕು ವರ್ಷದ ಮಗುವನ್ನು ನನ್ನ ಮಡಿಲಿಗೆ ಹಾಕಿ ತಂಗಿ ಕಣ್ಮುಚ್ಚಿದಳು. ಹದಿನಾರು ವರ್ಷವಾಯಿತು. ಡಾಕ್ಟರು "ನೋಡೋಣ" ಎನ್ನುತ್ತಾರೆ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಇನ್ನು ಯಾರನ್ನು ಕೇಳಲಿ?

ಪುಟ್ಟಿಗೆ ಹೇಳಿಲ್ಲ.

ಮಾರ್ಚ್ 7

ಫಿಸಿಯೋಥೆರಪಿ ಹುಡುಗಿ ಬಂದಿದ್ದಳು. ಪುಟ್ಟಿ ಸ್ಕ್ಯಾನಿಂಗ್‌ಗೆ ಹೋಗಿದ್ದಳು. ಆಟದ ಯಂತ್ರ ನೋಡಿ ಈ ಹುಡುಗಿಯ ಕಣ್ಣರಳಿತು.

"ಅಯ್ಯೋ ಆಂಟಿ, ಈ ಗೇಮಾ? ಕೊನೇಲಿ ಅಜ್ಜ ಸತ್ತೇಹೋಗ್ತಾನೆ. ನಾನು ಎರಡು ದಿನ ಊಟಾನೇ ಸರಿಯಾಗಿ ಮಾಡ್ಲಿಲ್ಲ."

"ಮತ್ತೆ ಏಳ್ತಾನಲ್ಲ?"

"ಕೊನೇ ಸಲ ಏಳಲ್ಲ."

"ಚೆನ್ನಾಗಿ ಆಡಿದ್ರೆ?"

"ಹೇಗಾಡಿದ್ರೂ ಅಷ್ಟೇ ಆಂಟಿ. ಕಥೇನೇ ಹಾಗೆ."

ಎಂಥ ಮಾತು ಕೊಟ್ಟು ಕೂತೆ ದೇವರಿಗೆ.

ಮಾರ್ಚ್ 8

ತಲೆನೋವು, ಆಟ ಬೇಡ ಎಂದೆ. ಸುಳ್ಳು.

ಮಾರ್ಚ್ 12

ನಾಲ್ಕು ದಿನ ನಾಲ್ಕು ನೆಪ. ಇವತ್ತು ಚಾರ್ಜರ್ ಮನೆಯಲ್ಲಿ ಮರೆತೆ ಎಂದೆ. ಕೈಚೀಲದಿಂದ ಅದರ ವೈರಿನ ಬಾಲ ಇಣುಕುತ್ತಿತ್ತು.

"ದೊಡ್ಡಮ್ಮ, ನಿಂಗೆ ಸುಳ್ಳು ಹೇಳೋಕೆ ಬರಲ್ಲ, ಬಿಡು. ಏನಾಯ್ತು?"

ಹೇಳಿಬಿಟ್ಟೆ. ದೇವರೊಡನೆ ಆಡಿದ ಮಾತೂ ಸೇರಿ. ನಕ್ಕಳು. ನಗುತ್ತಲೇ ಎಡಗೈಯಿಂದ ಕಣ್ಣೊರೆಸಿಕೊಂಡಳು.

"ಸಾಯ್ತಾನೆ ಅಂತ ನಂಗೆ ಮೊದಲೇ ಗೊತ್ತು. ಎಲ್ರಿಗೂ ಗೊತ್ತು. ಹೇಗೆ ಸಾಯ್ತಾನೆ ಅಂತ ನೋಡ್ಬೇಕು ನಂಗೆ. ಒಬ್ಬನೇ ಇರ್ತಾನಾ ಅಂತ."

"ನೋಡಿ ಏನು ಮಾಡ್ತೀಯೇ?"

"ನಂಗೂ ಭಯ ಆಗಲ್ವಾ?"

ಇಷ್ಟು ದಿನ ಭಯ ನನ್ನೊಬ್ಬಳದೇ ಎಂದುಕೊಂಡಿದ್ದೆ.

ಮಾರ್ಚ್ 14, 9:20, ಆಪರೇಷನ್ ಥಿಯೇಟರ್ ಹೊರಗೆ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಾಗಿದ್ದರೆ ಬೆತ್ತದ ಏಟು ಬೀಳುತ್ತಿತ್ತು. ಬಲ ಹೆಬ್ಬೆರಳು ಗುಂಡಿಯ ಮೇಲಿದೆ... ತೆಗೆಯುವಂತಿಲ್ಲ.

ಬೆಳಿಗ್ಗೆ ಬೆಟ್ಟ ದಾಟಿದೆವು. ಮಗಳ ಮನೆ ಬಾಗಿಲಿಗೆ ಕಾಗದ ಸಿಕ್ಕಿಸಿದ. ತಟ್ಟಲು ಶಕ್ತಿಯಿಲ್ಲ. ಹಿಮದಲ್ಲಿ ಮೆಟ್ಟಿಲ ಮೇಲೆ ಕುಸಿದ. ಆಗ ತೆರೆಯ ಮೇಲೆ ನನ್ನ ಗುಂಡಿಯ ಚಿತ್ರ ಬಂತು. ಒತ್ತಿ ಹಿಡಿದಿರುವಷ್ಟು ಹೊತ್ತು ಉಸಿರಾಡುತ್ತಾನೆ. ಬಿಟ್ಟರೆ ಇಲ್ಲ.

"ಬಿಡು ದೊಡ್ಡಮ್ಮ."

"ಬಿಡಲ್ಲ."

"ಅವನಿಗೆ ಸುಸ್ತಾಗಿದೆ."

"ನನಗಾಗಿಲ್ಲ."

ಅಷ್ಟರಲ್ಲಿ ಸ್ಟ್ರೆಚರ್ ಬಂತು. ಮಲಗಿಕೊಂಡೇ ಹೇಳಿದಳು, "ನೋಡಿರು. ಒಬ್ಬನೇ ಇದ್ನಾ ಇಲ್ವಾ, ನಾನು ಎದ್ದ ತಕ್ಷಣ ಹೇಳ್ಬೇಕು."

ಬಾಗಿಲು ಮುಚ್ಚಿತು.

11:50

ಹತ್ತೂವರೆಗೆ ಮುಗಿಯುತ್ತದೆ ಎಂದಿದ್ದರು. ಯಾರೂ ಹೊರಗೆ ಬಂದಿಲ್ಲ. ಒಬ್ಬಳು ನರ್ಸ್ ರಕ್ತದ ಚೀಲ ಹಿಡಿದು ಒಳಗೆ ಓಡಿದಳು. ಕೇಳಿದೆ. ನಿಲ್ಲಲಿಲ್ಲ.

ಹೆಬ್ಬೆರಳು ಜೋಮು ಹಿಡಿದಿದೆ. ಬ್ಯಾಟರಿ ಕೆಂಪಾಗಿದೆ. ಅವನು ಉಸಿರೆಳೆಯುವುದು ನೋಡಲಾಗದು.

ದೇವರೇ, ಆ ಮಾತು ವಾಪಸ್. ನಿನ್ನನ್ನು ಆಟಕ್ಕೆ ಕಟ್ಟಿಹಾಕಲು ನಾನ್ಯಾರು? ಅವನ ಜೀವ ಬೇರೆ, ಇವಳದು ಬೇರೆ. ಇವಳು ಎದ್ದೇಳುತ್ತಾಳೆ. ಎದ್ದ ತಕ್ಷಣ ಕೇಳುತ್ತಾಳೆ. ನೋಡಿಲ್ಲ ಎಂದರೆ ಬೈಯುತ್ತಾಳೆ.

ಬಿಡುತ್ತೇನೆ.

12:05

ಬಿಟ್ಟೆ. ತಕ್ಷಣ ನಿಲ್ಲಲಿಲ್ಲ ಉಸಿರು. ಒಂದು, ಇನ್ನೊಂದು... ಆಗ ಆಟದೊಳಗಿನ ಆ ಮನೆ ಬಾಗಿಲು ತೆರೆಯಿತು. ಮಗಳು ಕಾಗದದ ಕಡೆ ನೋಡಲೂ ಇಲ್ಲ. ಪಕ್ಕದಲ್ಲಿ ಕೂತು ಅವನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು. ಆಮೇಲೆ ಹೋದ. ನಾನು ಹಿಡಿದಿದ್ದಷ್ಟು ಹೊತ್ತೂ ಆ ಬಾಗಿಲು ಮುಚ್ಚೇ ಇತ್ತು. ಪಾಪ, ಅಷ್ಟು ಹೊತ್ತು ಚಳಿಯಲ್ಲಿ ಕೂರಿಸಿದ್ದೆ.

ಬಿಕ್ಕಿಬಿಕ್ಕಿ ಅತ್ತೆ. ಪಕ್ಕದ ಬೆಂಚಿನ ಅಮ್ಮ ನೀರು ಕೊಟ್ಟು, "ಯಾರು ಹೋದ್ರಮ್ಮ?" ಎಂದರು.

"ಅಂಚೆಯಣ್ಣ."

"ಬೇಕಾದವರಾ?"

"ಬಹಳ ಬೇಕಾದವರು."

ಬರೆದಿಟ್ಟುಕೊಳ್ಳಬೇಕು. ಗಾಬರಿಯಲ್ಲಿ ಮರೆಯಬಾರದು. ಪುಟ್ಟಿ, ಒಬ್ಬನೇ ಇರಲಿಲ್ಲ ಕಣೇ. ಮಗಳು ಅವನ ಕೈ ಹಿಡಿದು, ಏನೋ ಹೇಳಿದಳು, ಅದಕ್ಕೆ ಅವನು

ಥಿಯೇಟರ್ ಬಾಗಿಲಲ್ಲಿ ಕರೆಯುತ್ತಿದ್ದಾರೆ. ನನ್ನನ್ನೇ. ಚಪ್ಪಲಿ ಎಲ್ಲಿ