ಚಳಿಕೋಣೆಯಲ್ಲಿ ನಿನ್ನ ದನಿ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ತಂಗೀ,

ಬೆನ್ನುನೋವು ಹೇಗಿದೆ? ಹೊಸ ಕೆಲಸದಲ್ಲಾದರೂ ಕೂರಲು ಕುರ್ಚಿ ಕೊಟ್ಟಿದ್ದಾರೋ, ಅಲ್ಲಿಯೂ ನಿಲ್ಲಿಸಿಯೇ ದುಡಿಸುತ್ತಾರೋ? ನಾನು ಚೆನ್ನಾಗಿದ್ದೇನೆ. ಬೀದಿದೀಪಗಳು ನಡುಹಗಲಲ್ಲಿ ಉರಿಯುತ್ತಿವೆ. ಮೂರು ಸಲ ಪುರಸಭೆ ಕಚೇರಿಗೆ ಹೋಗಿ ಹೇಳಿಬಂದೆ. ಅವರ ಕಿವಿ ಇರುವುದು ಕನ್ನಡಕ ಸಿಕ್ಕಿಸಲಿಕ್ಕೆ ಮಾತ್ರ.

ನೀನು ಬೈದರೂ ಹೇಳಿಬಿಡುತ್ತೇನೆ: ಪ್ರತಿ ಶನಿವಾರ ನೀನು ಕೆಲಸಕ್ಕಿದ್ದ ಹಳೆಯ ಅಂಗಡಿಗೆ ಹೋಗುತ್ತಿದ್ದೇನೆ. ಹೊರದೇಶದ ಚೀಸ್ ಈಗಲೂ ಅಲ್ಲಿ ಅರ್ಧ ಬೆಲೆಗೆ ಸಿಗುತ್ತದೆ. ಅಂಚು ಮುರಿದದ್ದು, ಅವಧಿ ಹತ್ತಿರ ಬಂದದ್ದು, ನೀಲಿ ಬೂಷ್ಟಿನದು, ಮೇಕೆ ಹಾಲಿನದು. ಅದರ ರುಚಿ ನನಗೆ ಇಂದಿಗೂ ಹಿಡಿಸಿಲ್ಲ. ನಾನು ಹೋಗುವುದು ಚೀಸ್ ಇಡುವ ಚಳಿಕೋಣೆಯ ಬಾಗಿಲು ತೆರೆಯಲು. ತೆರೆದಾಗಲೆಲ್ಲ, ನೀನು ಅಂದು ರೆಕಾರ್ಡ್ ಮಾಡಿಕೊಟ್ಟ ಮಾತು ಇನ್ನೂ ಕೇಳುತ್ತದೆ: "ಬೇಗ ಬಾಗಿಲು ಹಾಕ್ರಪ್ಪಾ, ಚಳಿಯೆಲ್ಲ ಹೊರಗೆ ಹೋಗುತ್ತೆ!" ಕೊನೆಯಲ್ಲಿ ನಿನ್ನ ಸಣ್ಣ ಕೆಮ್ಮು. ನೀನು ಹೋಗಿ ಆರು ವರ್ಷವಾದರೂ ಆ ಕೆಮ್ಮು ವಾಸಿಯಾಗಿಲ್ಲ. ನಿನ್ನೆ ಮೂರು ಸಲ ತೆರೆದೆ. ಒಳಗೆ ಯಾರೂ ಇರಲಿಲ್ಲ. ಆದರೂ ಮೂರನೆಯ ಸಲ "ಹಾಕ್ತೀನಮ್ಮಾ" ಎಂದುಬಿಟ್ಟೆ.

ಚೀಸ್ ಕತ್ತರಿಸುವ ಚೂರಿಯಕ್ಕ ಅದನ್ನು ಕೇಳಿಸಿಕೊಂಡಳು. ಹೌದು, ಮುಖ ನೋಡಬೇಡವೆಂದು ನೀನು ಪ್ರತಿ ಪತ್ರದಲ್ಲೂ ಬರೆಯುವ ಅದೇ ಗೆಳತಿ. ಅಂಗಡಿಯಲ್ಲಿ ಚೀಸಿನ ಹಳೆಯ ತಾರೀಕು ಮುಚ್ಚಿ ಹೊಸ ಚೀಟಿ ಅಂಟಿಸುತ್ತಾರೆಂದು ಪತ್ರಿಕೆಗೆ ಹೆಸರಿಲ್ಲದೆ ಬರೆದು, ಚೀಟಿ ಅಂಟಿಸುತ್ತಿದ್ದ ನಿನ್ನ ಕೆಲಸ ಹೋಗುವಂತೆ ಮಾಡಿದವಳು ಎಂದು ನೀನು ನಂಬಿರುವವಳು. "ಮಾಲೀಕರು ಈ ದನಿ ತೆಗೀಬೇಕು ಅಂತಾರೆ. ಅದು ಹೋದ್ರೆ ನಾನೂ ಹೋಗ್ತೀನಿ ಅಂದಿದೀನಿ" ಎಂದಳು.

ನಾನು ಒಂದು ತುಂಡಿನ ಚೀಟಿ ಕೆರೆದು, ಅಡಿಯ ಹಳೆಯ ತಾರೀಕು ತೋರಿಸಿ ಕೆರಳಿದೆ. "ಅಯ್ಯೋ ಅಣ್ಣಾ, ಅದು ಗಾಲಿಯಂಥ ಇಡೀ ಚೀಸ್ ತಯಾರಾದ ದಿನ, ಮೇಲಿನದು ನಾನು ಕತ್ತರಿಸಿದ ದಿನ. ಎರಡೂ ನಿಜಾನೇ. ಪಾಪ, ನಿಮ್ಮ ತಂಗಿ ಇದನ್ನೇ ಹೇಳಿ ಬಾಯಿ ಬಡ್ಕೊಂಡ್ಲು, ಯಾರು ಕೇಳಿದ್ರು?" ಎಂದಳು. ನೀನು ನನಗೂ ಅದನ್ನೇ ಹೇಳಿದ್ದೆ. ಮಾಲೀಕನ ಪರ ಮಾತಾಡುತ್ತಿದ್ದೀಯೆಂದುಕೊಂಡು ನಾನು ನಂಬಲಿಲ್ಲ.

ವೇಳೆಗೆ ಸರಿಯಾಗಿ ಊಟ ಮಾಡು. ನನ್ನ ಆಶೀರ್ವಾದ ನಿನಗೆ ಬೇಕೆನಿಸಿದರೆ ಅದು ಸದಾ ಇದೆ.

ನಿನ್ನ ಅಣ್ಣ

ಮರೆತ ಮಾತು: ಮರೆತದ್ದಲ್ಲ, ಆರು ವರ್ಷದಿಂದ ನುಂಗಿಕೊಂಡದ್ದು. ಪತ್ರಿಕೆಗೆ ಬರೆದವನು ನಾನು. ಮಾಲೀಕನಿಗೆ ಶಿಕ್ಷೆಯಾಗುತ್ತದೆ ಎಂದುಕೊಂಡಿದ್ದೆ. ಅವನು ನಿನ್ನನ್ನು ಹೊರಗೆ ಹಾಕಿ ಕೈತೊಳೆದುಕೊಂಡ. ಚೂರಿಯಕ್ಕನಿಗೆ ಇದಾವುದೂ ಗೊತ್ತಿಲ್ಲ, ನೀನೇಕೆ ತನ್ನೊಡನೆ ಮಾತು ಬಿಟ್ಟೆ ಎಂಬುದೂ. ನನಗೆ ಇನ್ನು ಬರೆಯದಿದ್ದರೂ ಸರಿ. ಅವಳಿಗೆ ಒಂದು ಸಾಲು ಬರೆ.